ಬಾನೆಟ್ಟಿನ ಮೇಲೆ ಮತ್ತೆ ಬಂದ ಕೆಂಪು

ಕಾರಿನ ಬಣ್ಣದ ಕೆಲಸ ಕಲಿಯಲು ಬರುವವರೆಲ್ಲ ಕೈ ಪಳಗುವುದು ಯಾವಾಗ ಎಂದು ಕೇಳುತ್ತಾರೆ. ಹೆದರಿಕೆ ಹೋಗುವುದು ಯಾವಾಗ ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ, ಹೋಗುವುದಿಲ್ಲ ಎಂದು ಹೇಳುತ್ತಿದ್ದೆ. ತಮಿಳುನಾಡಿನ ದಿಂಡಿಗಲ್ಲಿನಲ್ಲಿ ಹತ್ತು ವರ್ಷ, ಆಮೇಲೆ ತೇನಿಯಿಂದ ಕಂಬಂಗೆ ಹೋಗುವ ರಸ್ತೆಯಲ್ಲಿ ನನ್ನದೇ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಕಾರುಗಳ ಮೈ ಉಜ್ಜಿದ್ದೇನೆ. ಹೋದ ವರ್ಷ ಶೆಡ್ಡು ಬೇರೆಯವರಿಗೆ ಬಿಟ್ಟುಕೊಟ್ಟೆ. ಈಗಲೂ ಬೀದಿಯಲ್ಲಿ ಕರಿ ಕಾರು ನಿಂತಿದ್ದು ಅದರ ಮೇಲೆ ಒಂದು ಚುಕ್ಕೆ ಕಂಡರೆ ನಾನು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ.

ನಾನು ಓದಿದ್ದು ತಮಿಳು ಶಾಲೆಯಲ್ಲಿ. ಮನೆಮಾತು ಕನ್ನಡವಾದರೂ ನಮ್ಮ ಕಡೆ ಅದು ಬಾಯಲ್ಲಿ ಮಾತ್ರ ಉಳಿದಿದೆ. ಅಕ್ಷರ ಕಲಿಸಿದವಳು ಕೊಳ್ಳೇಗಾಲದ ಕಡೆಯಿಂದ ಬಂದ ನನ್ನ ಹೆಂಡತಿ. ಇದನ್ನು ಅವಳೇ ತಿದ್ದಿದ್ದಾಳೆ. ಒಂದು ಭಾಗವನ್ನು ಬಿಟ್ಟುಬಿಡಿ ಎಂದಳು, ಅದೊಂದನ್ನು ಬಿಟ್ಟರೆ ಬರೆಯುವುದೇ ಬೇಡ ಎಂದು ನಾನು ಹಟ ಹಿಡಿದೆ.

ಈಗಿನ ಕಾರುಗಳ ಬಣ್ಣದ ಮೇಲೆ ಕ್ಲಿಯರ್ ಎಂಬ ಒಂದು ಪೊರೆ ಇರುತ್ತದೆ. ಹೊಳಪೆಲ್ಲ ಅದರದೇ. ಅದು ಒಂದು ತಲೆಗೂದಲಿನಷ್ಟೂ ದಪ್ಪವಿಲ್ಲ. ಕಲೆ ತೆಗೆಯುವುದೆಂದರೆ ಆ ಪೊರೆಯನ್ನು ಇನ್ನಷ್ಟು ತೆಳ್ಳಗೆ ಮಾಡುವುದು, ಬೇರೇನೂ ಅಲ್ಲ. ಎಲ್ಲಿ ನಿಲ್ಲಿಸಬೇಕು ಎಂದು ಕಾರು ನಿಮಗೆ ಹೇಳುವುದಿಲ್ಲ. ನಾನು ಕೆಲಸಕ್ಕೆ ಸೇರಿದಾಗ ದಪ್ಪ ಬಣ್ಣ ಹೊಡೆದ ಹಳೇ ಕಾರುಗಳಿದ್ದವು, ಹತ್ತು ಸಲ ಉಜ್ಜಿದರೂ ತಡೆದುಕೊಳ್ಳುತ್ತಿದ್ದವು. ಕೈಯಲ್ಲಿ ಬಟ್ಟೆ, ಬಟ್ಟೆಗೆ ಕಾಂಪೌಂಡ್ ಎಂಬ ಉಜ್ಜುವ ಲೇಪ, ಮೊಣಕೈ ನೋವು, ಅಷ್ಟೇ ವಿದ್ಯೆ. ಆಮೇಲೆ ಉಜ್ಜುವ ಬಫಿಂಗ್ ಮೆಷಿನ್ ಬಂತು, ಬಣ್ಣದ ದಪ್ಪ ಅಳೆಯುವ ಮೀಟರ್ ಬಂತು, ಅಂಟಿದ ಕೊಳೆ ಎತ್ತುವ ಜೇಡಿಮಣ್ಣಿನಂತಹ ಉಂಡೆ ಬಂತು. ಕೆಲಸ ಸುಲಭವಾಯಿತು, ಭಯ ಜಾಸ್ತಿಯಾಯಿತು. ಕೈಯಲ್ಲಿ ಒಂದು ಗಂಟೆಯಲ್ಲಿ ಹಾಳುಮಾಡುವುದನ್ನು ಮೆಷಿನ್ನಿನಲ್ಲಿ ಎರಡು ಉಸಿರಿನಲ್ಲಿ ಹಾಳುಮಾಡಬಹುದು.

ದಿಂಡಿಗಲ್ಲಿನಲ್ಲಿ ನನಗೆ ಕೆಲಸ ಕಲಿಸಿದವರು ಚೆಲ್ಲಯ್ಯ ಮೇಸ್ತ್ರಿ. ಬಾಯಲ್ಲಿ ಬೀಡಿ ಕಚ್ಚಿಕೊಂಡು, ಎರಡು ಕೈ ಹಿಂದೆ ಕಟ್ಟಿಕೊಂಡು ಕಾರಿನ ಸುತ್ತ ಮೂರು ಸುತ್ತು ಬರುತ್ತಿದ್ದರು. ಮುಟ್ಟುತ್ತಿರಲಿಲ್ಲ. ಆಮೇಲೆ ಯಜಮಾನರನ್ನು ಮೂರು ಮಾತು ಕೇಳುತ್ತಿದ್ದರು. ಕಾರು ನಿಲ್ಲುವುದು ಎಲ್ಲಿ? ಕಲೆ ಕಂಡದ್ದು ಯಾವತ್ತು? ಮೊದಲು ಒರೆಸಿದ್ದು ಯಾರು, ಯಾವುದರಿಂದ? ಮೂರನೆಯದನ್ನು ಕೇಳುವಾಗ ಎದುರಿಗಿದ್ದವರ ಮುಖ ನೋಡುತ್ತಿದ್ದರು. ಕಲೆಗಿಂತ ಕಲೆ ತೆಗೆಯಲು ಹೋದವರೇ ಹೆಚ್ಚು ಹಾಳು ಮಾಡಿರುತ್ತಾರೆ, ಆದರೆ ಯಾರೂ ಒಪ್ಪಿಕೊಳ್ಳುವುದಿಲ್ಲ ಎನ್ನುತ್ತಿದ್ದರು.

ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಕಂಬಂ ಕಡೆಯ ಕಾರಿಗೆ ನೀಲಿ-ಹಸಿರು ಚುಕ್ಕೆ ಇದ್ದರೆ ಅದು ದ್ರಾಕ್ಷಿ ತೋಟಕ್ಕೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣ. ವಿನೆಗರ್ ಬೆರೆಸಿದ ನೀರಿಗೆ ಬಿಡುತ್ತದೆ. ವೇದಸಂದೂರಿನ ನೂಲಿನ ಮಿಲ್ಲುಗಳ ಹತ್ತಿರ ನಿಂತ ಕಾರಿಗೆ ಎಣ್ಣೆ ಹತ್ತಿದ ನವಿರು ಹತ್ತಿ. ಕೊಡೈಕಾನಲ್ಲಿನಿಂದ ಇಳಿದುಬಂದದ್ದಕ್ಕೆ ಪೈನ್ ಮರದ ಅಂಟು. ಎಲ್ಲಕ್ಕಿಂತ ಕೆಟ್ಟದ್ದು ಪೆರಿಯಕುಳಂ ಮಾವಿನ ಸೊನೆ. ಅದು ಬಣ್ಣವನ್ನು ಸುಡುತ್ತದೆ.

ಆ ಸೊನೆಯೇ ನನ್ನ ಮೊದಲ ಅನಾಹುತ. ಒಬ್ಬ ಡಾಕ್ಟರ ಕರಿ ಕಾರು, ಬಾನೆಟ್ಟಿನ ಮೇಲೆಲ್ಲ ಕಂದು ಹನಿ. ನಾನು ರಸ್ತೆಯ ಡಾಂಬರು ಎಂದುಕೊಂಡು ಸೀಮೆಎಣ್ಣೆ ಹಾಕಿ ಒರೆಸಿದೆ. ಹೋಗಲಿಲ್ಲ. ಕೋಪ ಬಂದು ಉಜ್ಜಿದೆ. ಅಂಚಿನಲ್ಲಿ ಒಂದು ಕಡೆ ಕರಿ ಬಣ್ಣ ಸರಿದು ಕೆಳಗಿನ ಬೂದು ಪ್ರೈಮರ್ ಇಣುಕಿತು. ಆ ಬೂದು ಬಣ್ಣ ನೋಡಿದಾಗ ಕಿವಿಯೊಳಗೆ ಗುಂಯ್ ಎಂದು ಸದ್ದು ಬಂದದ್ದು ನೆನಪಿದೆ. ಬಟ್ಟೆ ಮುಚ್ಚಿ ಮನೆಗೆ ಓಡಿಹೋಗಬೇಕು ಎನ್ನಿಸಿತು. ಮೇಸ್ತ್ರಿ ಬೈಯಲಿಲ್ಲ. ಡಾಕ್ಟರು ಬರುವವರೆಗೆ ನನ್ನನ್ನು ಕಾರಿನ ಪಕ್ಕದಲ್ಲೇ ನಿಲ್ಲಿಸಿದರು. ಅವರು ಬಂದ ಮೇಲೆ, "ಹೇಳು, ನೀನೇ ಹೇಳು" ಎಂದರು. ನಾನು ಹೇಳಿದೆ. ಧ್ವನಿಯೇ ಹೊರಡದೆ ಎರಡು ಸಲ ಹೇಳಬೇಕಾಯಿತು. ಡಾಕ್ಟರು ಏನೆಂದರೋ ಮರೆತಿದ್ದೇನೆ. ಹೇಳುವ ಮುಂಚಿನ ಭಯವನ್ನು ಮರೆತಿಲ್ಲ. ಅದಾದ ಮೇಲೆ ಪೇಂಟ್ ವೀರಣ್ಣ ತಪ್ಪು ಮಾಡಿದ ದಿನವೇ ಒಪ್ಪಿಕೊಳ್ಳುವವನು ಎಂದು ನನಗೆ ಹೆಸರು ಬಂತು. ಆ ಹೆಸರನ್ನು ನಾನೂ ನಂಬಿದ್ದೆ.

ಶೆಡ್ಡು ಬಿಡುವುದಕ್ಕೆ ಎರಡು ವರ್ಷ ಮುಂಚೆ ರಂಗಮ್ಮನವರ ಮನೆಯ ಬಿಳಿ ಕಾರು ಬಂತು. ಅವರು ಕಂಬಂ ಹತ್ತಿರದ ದ್ರಾಕ್ಷಿ ಬೆಳೆಗಾರರು, ನಮ್ಮ ಜನವೇ, ನನಗಿಂತ ಐದಾರು ವರ್ಷ ದೊಡ್ಡವರು. ನಾನು ಅಕ್ಕಾ ಎನ್ನುತ್ತೇನೆ, ಅವರು ನನ್ನನ್ನು ತಮ್ಮಾ ಎನ್ನುತ್ತಾರೆ. ಮಗ ಕುಮಾರನಿಗೆ ಹೊಸದಾಗಿ ಮದುವೆಯಾಗಿತ್ತು. ಸೊಸೆ ತುಳಸಿ ವೇದಸಂದೂರಿನವಳು. ಮದುವೆಯಾದ ಬೆನ್ನಿಗೇ ಕಾರು ಕೊಂಡಿದ್ದರು.

ನಮ್ಮಲ್ಲಿ ಹೊಸ ವಂಡಿ, ಎಂದರೆ ಗಾಡಿ, ಮನೆಗೆ ಬಂದರೆ ಮನೆಯ ಹೊಸ ಹೆಣ್ಣುಮಗಳೇ ಮೊದಲ ಪೊಟ್ಟು ಇಡಬೇಕು. ಕುಂಕುಮಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಕಲಸಿ ಬಾನೆಟ್ಟಿನ ನಡುವೆ ಒತ್ತುತ್ತಾರೆ. ಇಟ್ಟ ಪೊಟ್ಟನ್ನು ಯಾರೂ ಒರೆಸಬಾರದು, ಗಾಳಿಗೆ ಬಿಸಿಲಿಗೆ ತಾನಾಗಿ ಉದುರಬೇಕು. ತುಳಸಿ ಹಾಗೆ ಪೊಟ್ಟು ಇಟ್ಟಳು. ಐದನೆಯ ದಿನ ಅವಳ ಮಾವ, ಎಂದರೆ ರಂಗಮ್ಮನವರ ಗಂಡ, ಬಾವಿ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಅವರನ್ನು ಆಸ್ಪತ್ರೆಗೆ ಸೇರಿಸಿ ಬಂದು ನೋಡಿದರೆ ಕುಂಕುಮ ಹೋಗಿತ್ತು, ಆದರೆ ಅದರ ಜಾಗದಲ್ಲಿ ಹೆಬ್ಬೆರಳಿನಷ್ಟು ಅಗಲ ಕೆಂಪು ಕಲೆ ಹಾಗೇ ಇತ್ತು. ತೊಳೆದರೂ ಹೋಗಲಿಲ್ಲ.

ರಂಗಮ್ಮ ಮಗನ ಜೊತೆ ನನ್ನ ಶೆಡ್ಡಿಗೆ ಬಂದರು. ನಾನು ಸುತ್ತು ಹಾಕಿ ಮೇಸ್ತ್ರಿಯ ಮೂರು ಪ್ರಶ್ನೆ ಕೇಳಿದೆ.

"ಯಾರೂ ಒರ್ಸಿಲ್ಲೆ ಮಾಮಾ" ಎಂದ ಕುಮಾರ.

ನಾನು ಅವನ ಮುಖ ನೋಡಲಿಲ್ಲ, ಕಲೆ ನೋಡುತ್ತಿದ್ದೆ. ಅಲ್ಲೇ ನಾನು ಎಡವಿದ್ದು. ಕಾಂಪೌಂಡಿಗೆ ಕಲೆ ಜಗ್ಗಲಿಲ್ಲ. ನೀರಿನ ಪೇಪರು, ಎಂದರೆ ನೆನೆಸಿದ ಮರಳುಕಾಗದ, ಹಿಡಿದು ಹದವಾಗಿ ಉಜ್ಜಿದೆ. ಕೆಂಪು ತಿಳಿಯಾಗಿ ಗುಲಾಬಿ ಬಣ್ಣಕ್ಕೆ ಬಂತು, ಹೋಗಲಿಲ್ಲ. ಇನ್ನು ಉಜ್ಜಿದರೆ ಕೆಳಗೆ ಇಳಿಯುತ್ತದೆ ಎಂದು ನಿಲ್ಲಿಸಿ, ಇಡೀ ಬಾನೆಟ್ಟಿಗೆ ಹೊಸದಾಗಿ ಬಿಳಿ ಹೊಡೆದು ಮೇಲೆ ಕ್ಲಿಯರ್ ಹಾಕಿ ಕೊಟ್ಟೆ. ಕನ್ನಡಿಯಂತೆ ಹೊಳೆಯುತ್ತಿತ್ತು. ಬೀಗುತ್ತ ಕಳಿಸಿಕೊಟ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ ಫೋನ್ ಬಂತು.

"ತಮ್ಮಾ, ಅದು ಬಂದ್ಬುಟ್ಟದೆ" ಎಂದರು ರಂಗಮ್ಮ.

"ಏನಕ್ಕಾ?"

"ಅದೇ. ಅದೇ ಜಾಗ."

ಕುಮಾರ ಫೋಟೊ ಕಳಿಸಿದ. ನನ್ನ ಹೊಸ ಬಿಳಿಯ ಮೇಲೆ, ನಟ್ಟನಡುವೆ, ಅದೇ ಹೆಬ್ಬೆರಳಿನಷ್ಟು ಕೆಂಪು. ಅಷ್ಟು ವರ್ಷದಲ್ಲಿ ಹೋಗದ ಕಲೆಗಳನ್ನು ನೋಡಿದ್ದೆ, ಹೋಗಿ ತಿರುಗಿ ಬಂದದ್ದನ್ನು ನೋಡಿರಲಿಲ್ಲ. ನಾನು ಬಣ್ಣ ಹೊಡೆಯುತ್ತಿದ್ದುದು ಹೆಚ್ಚಾಗಿ ಒಂದೆರಡು ಗೀರಿಗೆ, ಗುದ್ದಿದ ಬಾಗಿಲಿಗೆ, ಕಲೆಯ ಮೇಲೆ ಹೊಡೆದಿರಲಿಲ್ಲ. ತಿರುಗಿ ಬಂದದ್ದಕ್ಕೊಂದು ಕಾರಣವಿರಬೇಕು ಎಂದು ಯೋಚಿಸಬೇಕಿತ್ತು. ಯೋಚಿಸಲು ಹೆದರಿದೆ.

ಎರಡನೆಯ ಸಲ ಕಾರು ಬಂದಾಗ ಬೆಳಿಗ್ಗೆಯೇ ಸ್ನಾನ ಮಾಡಿ, ವಿಭೂತಿ ಹಚ್ಚಿ, ಸ್ಪ್ರೇ ಗನ್ನಿಗೆ ನಿಂಬೆಹಣ್ಣು ನಿವಾಳಿಸಿದೆ. ನಗಬೇಡಿ. ಬಿಳಿ ಬಣ್ಣವನ್ನು ಎರಡೆರಡು ಸಲ ಅಳೆದು ಕಲಸಿದೆ. ಆ ದಿನ ತುಳಸಿಯೂ ಬಂದಿದ್ದಳು, ಶೆಡ್ಡಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಗಾಯವಾಗಿದೆಯೇ ಎಂದು ಕೇಳಿದೆ. ಇಲ್ಲ ಎಂದಳು. ಪೊಟ್ಟು ಇಟ್ಟ ಆ ಕೈಯೇ ಅಪಶಕುನ ಎಂದು ಅತ್ತೆ ಅಂದಿದ್ದರಂತೆ, ಅದಕ್ಕೆ ಅವರ ಕಣ್ಣಿಗೆ ಬೀಳದಿರಲಿ ಎಂದು ಮುಚ್ಚಿಕೊಂಡಿದ್ದಳು. ದೀಪ ಹಚ್ಚಬೇಡ ಎಂದು ಹೇಳಿದ್ದರಂತೆ, ಅಡುಗೆಮನೆಗೂ ಬರಬೇಡ ಎಂದಿದ್ದರಂತೆ.

"ಹೋಯ್ತದಾ ಮಾಮಾ?" ಎಂದು ಕೇಳಿದಳು.

"ನೋಡನಮ್ಮಾ" ಎಂದೆ. ಅವಳ ಮುಖ ನೋಡಿ ಹೇಳಲು ನನ್ನಿಂದ ಆಗಲಿಲ್ಲ.

ಆರನೆಯ ದಿನ ಕೆಂಪು ಮತ್ತೆ ಬಂತು. ಅದೇ ವಾರ ಆಸ್ಪತ್ರೆಯಲ್ಲಿ ಮಾವನವರ ಗಾಯ ಕೀವಾಗಿ ಇನ್ನೊಂದು ಆಪರೇಷನ್ ಆಗಬೇಕು ಎಂದರು. ರಂಗಮ್ಮ ಫೋನಿನಲ್ಲಿ ಅಳಲಿಲ್ಲ, ಕೂಗಲಿಲ್ಲ. "ಆ ಕೈ ಸರಿಯಿಲ್ಲೆ ತಮ್ಮಾ" ಎಂದಷ್ಟೇ ಹೇಳಿದರು. ನಾನು ಅಲ್ಲ ಎನ್ನಲಿಲ್ಲ. ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ನನಗೂ ಹಾಗೇ ಅನ್ನಿಸತೊಡಗಿತ್ತು.

ಅದರ ಮುಂದಿನ ಶುಕ್ರವಾರ ಶೆಡ್ಡಿನಲ್ಲಿ ಪೂಜೆ ಮಾಡಿ ಎಂದಿನಂತೆ ಗನ್ನಿಗೆ ಗಾಳಿ ಕೊಡುವ ಕಂಪ್ರೆಸರಿಗೆ ಕುಂಕುಮ ಇಟ್ಟೆ. ಆಮೇಲೆ ಗನ್ ತೊಳೆಯುವಾಗ ಕೈತಪ್ಪಿ ಬಣ್ಣ ತೆಳ್ಳಗೆ ಮಾಡುವ ಥಿನ್ನರ್ ಒಂದಿಷ್ಟು ಆ ಕುಂಕುಮದ ಮೇಲೆ ಚೆಲ್ಲಿತು. ಕುಂಕುಮ ಕಣ್ಣೆದುರೇ ಕರಗಿ ರಕ್ತದಂತೆ ಹರಿಯಿತು. ಒರೆಸಿದೆ. ಪುಡಿ ಬಂತು, ಕೆಂಪು ಬರಲಿಲ್ಲ. ಕಂಪ್ರೆಸರಿನ ತಿಳಿಹಳದಿ ಬಣ್ಣದೊಳಗೆ ಇಳಿದು ಕೂತಿತ್ತು. ಅದರ ಮೇಲೆ ಒಂದು ಕೋಟು ಬಿಳಿ ಹೊಡೆದು ಬಿಸಿಲಿನಲ್ಲಿಟ್ಟೆ. ಊಟ ಮಾಡಿ ಬರುವಷ್ಟರಲ್ಲಿ ಬಿಳಿಯ ಮೇಲೆ ಗುಲಾಬಿ ಏಳುತ್ತಿತ್ತು.

ಹುಡುಗರೇ, ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ಅಂಗಡಿಯ ಕುಂಕುಮದಲ್ಲಿ ಬಟ್ಟೆಗೆ ಹಾಕುವಂತಹ ಬಣ್ಣ ಇರುತ್ತದೆ. ಅದು ನೀರಿಗಿಂತ ಥಿನ್ನರಿಗೆ ಬೇಗ ಕರಗುತ್ತದೆ. ಕರಗಿ ಒಳಗೆ ಇಳಿದರೆ, ಮೇಲೆ ನೀವು ಹೊಡೆಯುವ ಹೊಸ ಬಣ್ಣದಲ್ಲೂ ಥಿನ್ನರ್ ಇರುವುದರಿಂದ ಮತ್ತೆ ಕರಗಿ ಮೇಲಕ್ಕೆ ಬರುತ್ತದೆ. ಎಷ್ಟು ಕೋಟು ಹೊಡೆದರೂ ಬರುತ್ತದೆ, ಸುಡುಬಿಸಿಲಲ್ಲಿ ಗಂಟೆಗಳಲ್ಲಿ, ನೆರಳಲ್ಲಿ ನಾಲ್ಕಾರು ದಿನಗಳಲ್ಲಿ. ತಗಡು ಕಾಣುವವರೆಗೆ ಉಜ್ಜಿ ಮೊದಲಿನಿಂದ ಶುರುಮಾಡಬೇಕು, ಬೇರೆ ದಾರಿಯಿಲ್ಲ. ಎರಡು ಸಲವೂ ಆ ಕೆಂಪನ್ನು ಕೈಹಿಡಿದು ಮೇಲಕ್ಕೆ ಕರೆತಂದವನು ನಾನೇ.

ಆದರೆ ಮೊದಲು ಒಳಗಿಳಿಸಿದವರು ಯಾರು? ಕುಮಾರನಿಗೆ ಫೋನ್ ಮಾಡಿದೆ. ಅವನು ಧ್ವನಿ ತಗ್ಗಿಸಿದ.

"ಮೂರನೇ ದಿನ ನಾನೇ ಒರ್ಸ್ದೆ ಮಾಮಾ. ಹೊಸ ವಂಡಿ ಮೇಲೆ ಎಣ್ಣೆ ಜಿಡ್ಡು ಕಂಡು ಬೇಜಾರಾಯ್ತು. ಫ್ರೆಂಡ್ ಪಟ್ಟರೇಲಿ ಥಿನ್ನರ್ ಇತ್ತು." ಪಟ್ಟರೆ ಎಂದರೆ ವರ್ಕ್‌ಶಾಪು. "ಆಮೇಲೆ ಅಪ್ಪ ಬಿದ್ರು. ಗೊತ್ತಾದ್ರೆ ಪೊಟ್ಟು ಒರ್ಸಿದ್ದಕ್ಕೇ ಅಪ್ಪ ಬಿದ್ರು ಅಂತಾರೆ. ಅಮ್ಮಂಗೆ ಹೇಳ್ಬ್ಯಾಡಿ, ಕೈ ಮುಗೀತೀನಿ."

ನಾನು ಹೇಳಲಿಲ್ಲ. ಅವನು ಬೇಡಿಕೊಂಡದ್ದಕ್ಕೆ ಹೇಳಲಿಲ್ಲ ಎಂದು ಇಲ್ಲಿ ಬರೆಯಬಹುದಿತ್ತು. ಹಾಗಲ್ಲ, ಹೆಂಡತಿ ಬಿಟ್ಟುಬಿಡಿ ಎಂದದ್ದು ಇದನ್ನೇ. ಇಷ್ಟು ವರ್ಷ ಕೆಲಸ ಮಾಡಿದ ಪೇಂಟ್ ವೀರಣ್ಣನಿಗೆ ಕುಂಕುಮದ ಕಲೆ ಯಾವುದೆಂದು ತಿಳಿಯಲಿಲ್ಲ, ಎರಡು ಸಲ ಬಣ್ಣ ಹೊಡೆದು ಅನಾಹುತ ಮಾಡಿದ ಎಂದು ಕಂಬಂನಿಂದ ತೇನಿಯವರೆಗೆ ಎಲ್ಲ ಶೆಡ್ಡುಗಳಲ್ಲಿ ಆಡಿಕೊಳ್ಳುತ್ತಾರೆ ಎಂದು ಹೆದರಿದೆ. ಕಾರು ತಂದು ಬಿಡು, ಸದ್ದಿಲ್ಲದೆ ತಗಡಿನವರೆಗೆ ಉಜ್ಜಿ ಸರಿಮಾಡುತ್ತೇನೆ, ಕಲೆ ಹೋದರೆ ಎಲ್ಲ ತಣ್ಣಗಾಗುತ್ತದೆ ಎಂದು ಕುಮಾರನಿಗೆ ಹೇಳಿದೆ. ಅಪ್ಪನ ಆಪರೇಷನ್ ಮುಗಿಯಲಿ ಎಂದ ಅವನು. ಆಪರೇಷನ್ ಮುಗಿಯಿತು. ನಾಳೆ ಎಂದ, ನಾಡಿದ್ದು ಎಂದ. ನಾನೂ ಒತ್ತಾಯ ಮಾಡಲಿಲ್ಲ.

ಕುಮಾರ ಒಪ್ಪಿಕೊಂಡ ಹನ್ನೊಂದನೆಯ ದಿನ ರಂಗಮ್ಮ ಫೋನ್ ಮಾಡಿದರು. ತುಳಸಿಯ ಅಪ್ಪನಿಗೆ ಹೇಳಿ ಕಳಿಸಿದ್ದೇವೆ, ನಾಳೆ ಮಧ್ಯಾಹ್ನ ಬಂದು ಕರೆದುಕೊಂಡು ಹೋಗುತ್ತಾರೆ, ಪೆಟ್ಟಿ ಕಟ್ಟಿ ಆಗಿದೆ, ಇನ್ನು ಅವಳು ಈ ಮನೆಗೆ ಬರುವುದು ಬೇಡ ಎಂದರು. "ಅಕ್ಕಾ, ನಾಳೆ ಬೆಳಿಗ್ಗೆ ನಾ ಬರೋವರೆಗೂ ಏನೂ ಮಾಡ್ಬೇಡಿ" ಎಂದು ಫೋನ್ ಇಟ್ಟುಬಿಟ್ಟೆ.

ಮರುದಿನ ಒಂದು ಹಳೇ ಬಿಳಿ ಡಿಕ್ಕಿ ಮುಚ್ಚಳ, ಸಣ್ಣ ಕಂಪ್ರೆಸರ್, ಗನ್ ಎಲ್ಲವನ್ನೂ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಅವರ ಮನೆಗೆ ಹೋದೆ. ಅಂಗಳದಲ್ಲಿ ಮುಚ್ಚಳವನ್ನು ಎರಡು ಸ್ಟೂಲಿನ ಮೇಲಿಟ್ಟೆ. ಒಳಬಾಗಿಲಲ್ಲಿ ತುಳಸಿಯ ಪೆಟ್ಟಿ ಕಾಣುತ್ತಿತ್ತು.

"ಅಕ್ಕಾ, ತಪ್ಪು ನಂದು" ಎಂದೆ. ಎರಡು ಸಲ ಹೇಳಬೇಕಾಯಿತು. "ಕಲೆ ಯಾಕೆ ಬತ್ತದೆ ಅಂತ ತೋರಿಸ್ತೀನಿ. ಅವತ್ತಿನ ಕುಂಕುಮದ ಬಟ್ಟಲೇ ಬೇಕು. ಒಂದು ಪೊಟ್ಟು ನೀವಿಡಿ, ಒಂದು ತುಳಸಿ ಇಡಲಿ."

ರಂಗಮ್ಮ ಬಟ್ಟಲು ತರಿಸಿ ಒಂದು ಪೊಟ್ಟು ಇಟ್ಟರು. ತುಳಸಿ ಸೆರಗಿನಿಂದ ಕೈ ಬಿಡಿಸಿ, ಬೆರಳು ಅದ್ದಿ, ಒಂದು ಗೇಣು ದೂರದಲ್ಲಿ ಇನ್ನೊಂದು ಇಟ್ಟಳು. ಯಾರದು ಯಾವುದೆಂದು ನಾನು ಗುರುತು ಹಾಕಲಿಲ್ಲ. ಮುಚ್ಚಳವನ್ನು ಅತ್ತ ಇತ್ತ ತಿರುಗಿಸುತ್ತ ಥಿನ್ನರಿನಲ್ಲಿ ಒರೆಸಿದರೇ ಕೆಂಪು ಒಳಗಿಳಿಯುವುದು ಎಂದು ಹೇಳಿ ಎರಡನ್ನೂ ಒರೆಸಿದೆ, ಪೇಪರಿನಲ್ಲಿ ಉಜ್ಜಿದೆ, ಬಿಳಿ ಹೊಡೆದೆ, ಕ್ಲಿಯರ್ ಹಾಕಿದೆ. ಮುಚ್ಚಳ ಹಾಲಿನಂತೆ ಬೆಳ್ಳಗಾಯಿತು. ಬಿಸಿಲಿಗಿಟ್ಟು ಕೂತೆವು.

ಆಗ ನನಗೆ ಹೊಳೆಯಿತು, ಶೆಡ್ಡಿನಲ್ಲಿ ನೋಡಿದ್ದು ನನ್ನ ಕುಂಕುಮ, ಇದು ಅವರ ಬಟ್ಟಲು. ಅರಿಶಿನ ಸುಣ್ಣ ಹಾಕಿ ಮನೆಯಲ್ಲೇ ಮಾಡಿದ ಕುಂಕುಮವಾದರೆ ಏನೂ ಏಳುವುದಿಲ್ಲ. ಒಬ್ಬರು ಹೆಚ್ಚು ಒತ್ತಿ ಇನ್ನೊಬ್ಬರು ತೆಳ್ಳಗೆ ಇಟ್ಟಿದ್ದರೆ? ಒಂದೇ ಒಂದು ಎದ್ದು, ಅದು ತುಳಸಿಯದೇ ಎಂದು ಇವರೆಲ್ಲ ಹೇಳಿದರೆ? ಆ ಹುಡುಗಿಯನ್ನು ಉಳಿಸಲು ಬಂದು ನಾನೇ ಹೂತುಹಾಕುತ್ತೇನೆ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಬಿಳಿ ಬಿಳಿಯಾಗಿಯೇ ಇತ್ತು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕುಮಾರ ಕಾರಿಗೆ ಒರಗಿ ನಿಂತು ಉಗುರು ಕಚ್ಚುತ್ತಿದ್ದ. ನನ್ನ ಜೀವಮಾನದಲ್ಲಿ ಒಂದು ಕಲೆ ಬರಲಿ ಎಂದು ದೇವರನ್ನು ಬೇಡಿಕೊಂಡದ್ದು ಅವತ್ತೊಂದೇ ದಿನ.

ಹನ್ನೊಂದೂವರೆ ದಾಟಿದ ಮೇಲೆ ಎಡಗಡೆ ಒಂದು ಗುಲಾಬಿ ನೆರಳು ಎದ್ದಿತು. ಒಂದೇ. ರಂಗಮ್ಮ ಉಸಿರು ಎಳೆದುಕೊಂಡದ್ದು ಕೇಳಿಸಿತು. ನಾನು ಬಲಗಡೆಯ ಬಿಳಿಯನ್ನೇ ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅಲ್ಲಿಯೂ ಬಂತು. ಹನ್ನೆರಡಕ್ಕೆಲ್ಲ ಎರಡೂ ಒಂದೇ ಕೆಂಪಾದವು.

ರಂಗಮ್ಮ ಬಾಗಿ ನೋಡಿದರು. "ಇದ್ರಲ್ಲಿ ನಂದು ಯಾವ್ದು?" ಎಂದು ಕೇಳಿದರು.

"ನಂಗೂ ಗೊತ್ತಿಲ್ಲೆ ಅಕ್ಕಾ."

ಅವರು ತಮ್ಮ ಬೆರಳನ್ನು ನೋಡಿಕೊಂಡರು, ಸೀರೆಗೆ ಒರೆಸಿಕೊಂಡರು, ಮತ್ತೆ ನೋಡಿಕೊಂಡರು. ಆಮೇಲೆ ತುಳಸಿಯ ಬಲಗೈ ಹಿಡಿದು, "ಒಳಗ್ ಬಾ ಕಣ್ಣು, ನಿಮ್ಮಪ್ಪಂಗೆ ಅಡಿಗೆ ಮಾಡಾಣ" ಎಂದು ಅಕ್ಕರೆಯಿಂದ ಕರೆದರು. ನನ್ನ ಕಣ್ಣಲ್ಲಿ ನೀರು ಬಂತು, ಎಲ್ಲ ಮುಗಿಯಿತು ಎಂದುಕೊಂಡೆ.

ತುಳಸಿ ಅಲುಗಲಿಲ್ಲ. "ಮಾಮಾ, ಇದು ನಿಮಗೆ ಯಾವಾಗ ತಿಳೀತು?" ಎಂದಳು.

"ಹನ್ನೆರಡು ದಿನ ಆಯ್ತಮ್ಮಾ."

ಅವಳು ತಲೆಯಾಡಿಸಿದಳು. "ಥಿನ್ನರಲ್ಲಿ ಒರ್ಸಿದ್ರೇ ಒಳಗೋಗೋದು ಅಂತೀರಿ. ಅವತ್ತು ಒರ್ಸಿದ್ದ್ಯಾರು?"

ಆ ಪ್ರಶ್ನೆಯನ್ನು ನಾನು ಸಾವಿರ ಜನಕ್ಕೆ ಕೇಳಿದ್ದೇನೆ. ಉತ್ತರ ಕೊಡಬೇಕಾಗಿ ಬಂದದ್ದು ಅದೇ ಮೊದಲು. ನಾನು ಥಿನ್ನರ್ ಡಬ್ಬಿಯ ಬಿರಡೆ ತಿರುಗಿಸತೊಡಗಿದೆ. ಹಿಂದೆ ಕಾರಿನ ಹತ್ತಿರ ಕುಮಾರನ ಚಪ್ಪಲಿ ಸರಿದ ಸದ್ದಾಯಿತು. ತುಳಸಿ ಅತ್ತ ತಿರುಗಿ ಅವನನ್ನು ನೋಡಿದಳು. ಅವನು ತಲೆಯೆತ್ತಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು.

ಅಷ್ಟರಲ್ಲಿ ಬಸ್ಸಿನಿಂದಿಳಿದ ಅವಳ ಅಪ್ಪ ಬಿಸಿಲಲ್ಲಿ ನಡೆದು ಬಂದರು. ರಂಗಮ್ಮ ಗಡಿಬಿಡಿಯಿಂದ ಮುಂದೆ ಹೋಗಿ, ಏನೂ ಇಲ್ಲ ಅಣ್ಣಾ, ಊಟ ಮಾಡಿಕೊಂಡು ಹೋಗಿ, ಹುಡುಗಿ ಇಲ್ಲೇ ಇರಲಿ ಎಂದರು. ತುಳಸಿ ಒಳಗೆ ಹೋಗಿ ಪೆಟ್ಟಿ ಎತ್ತಿಕೊಂಡು ಬಂದಳು.

"ನಂಗೆ ಭಯ ಆಯ್ತದೆ ಅತ್ತೆ" ಎಂದು ಕುಮಾರನ ಕಡೆ ನೋಡಿದಳು. "ಅವತ್ತು ನನ್ ಕೈಗೆ ಹೆದರ್ತಿದ್ದೆ. ಇವತ್ತು ಇವರಿಗೆ ಹೆದರ್ತೀನಿ."

ಕುಮಾರ ಕಾರಿನ ಕೀ ತೆಗೆದು, ತಾನೇ ಬಿಟ್ಟು ಬರುತ್ತೇನೆ ಎಂದ. ಅವಳು ಬೇಡ ಎಂದು ಅಪ್ಪನ ಜೊತೆ ಬಸ್ಸಿಗೆ ನಡೆದಳು.